ಚೆನ್ ಅಕ್ಕನ ಹಿತ್ತಲು

ಚುಂಗ್‌ಕಿಂಗ್, ಚೀನಾ
22 ಸೆಪ್ಟೆಂಬರ್ 1956

ಯಶೋದೆ ಕೂಸಿಗೆ,

ನಿನ್ನ ಸೋದರಮಾವ ಚೀನಾ ದೇಶದಲ್ಲಿ ಕ್ಷೇಮವಾಗಿದ್ದಾನೆ. ಅವನ ನಾಲಗೆ ಕ್ಷೇಮವೋ ಎನ್ನುವುದನ್ನು ಇನ್ನೆರಡು ದಿನ ಕಳೆದು ಹೇಳಬೇಕು; ಸದ್ಯಕ್ಕೆ ಅದು ಬಾಯಲ್ಲಿ ಇದೆಯೋ ಇಲ್ಲವೋ ತಿಳಿಯುತ್ತಿಲ್ಲ.

ಈ ಕಾಗದವನ್ನು ಗಟ್ಟಿಯಾಗಿ ಓದು. ನಿನ್ನ ಅವ್ವ, ಎಂದರೆ ನನ್ನ ಅಕ್ಕ, ಕೇಳದವಳ ಹಾಗೆ ಒಲೆಯ ಕಡೆ ಮುಖ ಮಾಡಿ ಕೂರುತ್ತಾಳೆ. ಕೂರಲಿ. ಕಿವಿಗೆ ರೆಪ್ಪೆಯಿಲ್ಲ.

ಊರಲ್ಲಿ ನನ್ನ ವಿಷಯ ಏನು ಮಾತಾಡಿಕೊಳ್ಳುತ್ತಾರೆ, ಬರೆ. ಮಿರ್ಲೆಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ತನಕ ಓದಿದ ಸಣ್ಣಬೀರಯ್ಯನ ಗದ್ದೆಯನ್ನು ಸರ್ಕಾರದವರೇ ಬಂದು ಅಳೆದು, ತಾಲ್ಲೂಕಿಗೇ ಹೆಚ್ಚು ಭತ್ತ ಬೆಳೆದವನು ಇವನೇ ಎಂದು ಶಾಲು ಹೊದಿಸಿ, ಚೀನಾದವರು ಬೇಸಾಯ ಮಾಡುವ ಬಗೆ ನೋಡಿಕೊಂಡು ಬಾ ಎಂದು ಇನ್ನೈದು ಜನ ರೈತರ ಜೊತೆ ಕಳಿಸಿದರಲ್ಲ, ಅದನ್ನು ಮಾತಾಡದೆ ಇನ್ನೇನು ಮಾತಾಡುತ್ತಾರೆ! ನಾನು ಅವರನ್ನು ನೋಡಿ ಕಲಿಯಬೇಕೋ, ಅವರು ನನ್ನನ್ನು ನೋಡಿ ಕಲಿಯಬೇಕೋ ಇನ್ನೂ ತೀರ್ಮಾನವಾಗಿಲ್ಲ.

ಕಲ್ಕತ್ತೆಯಿಂದ ವಿಮಾನ, ಆಮೇಲೆ ರೈಲು, ಆಮೇಲೆ ಆರು ದಿನ ಹಡಗು. ನದಿಯೆಂದರೆ ನಮ್ಮ ಕಾವೇರಿಯಂಥ ಹತ್ತನ್ನು ಒಟ್ಟಿಗೆ ಹರಿಸಿದ ಹಾಗೆ. ನಿನ್ನೆ ಈ ಊರಲ್ಲಿ ಇಳಿದೆವು. ದಂಡೆಯ ಮೇಲೆ ದೋಣಿಯವರು ಉಣ್ಣುವ ಅಂಗಡಿಗೆ ಕರೆದುಕೊಂಡು ಹೋದರು. ಮೇಜಿನ ನಡುವೆ ತೂತು, ತೂತಿನ ಕೆಳಗೆ ಇದ್ದಿಲ ಬೆಂಕಿ, ಮೇಲೆ ಬಾಣಲೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುವುದನ್ನು ನೋಡಿದ್ದೀಯಲ್ಲ, ಹಾಗೆ ಉಕ್ಕುತ್ತದೆ. ಆದರೆ ಕೆಂಪು. ಎಣ್ಣೆಯೂ ಕೆಂಪು, ಆವಿಯೂ ಕೆಂಪು ಎಂದು ಆಣೆ ಮಾಡಿ ಹೇಳಬಲ್ಲೆ. ಮೀನು, ಕೋಳಿ, ಸೊಪ್ಪು, ಅಣಬೆ, ಏನು ಸಿಕ್ಕಿದರೂ ಅದರಲ್ಲಿ ಅದ್ದಿ ತಿನ್ನುತ್ತಾರೆ. ದನದ ಮಾಂಸ ನಮಗೆ ಬೇಡವೆಂದು ಮೊದಲೇ ಹೇಳಿಟ್ಟಿದ್ದೆವು.

ಮೆಣಸಿನಕಾಯಿಯ ಜೊತೆಗೆ ಇನ್ನೊಂದು ಕಾಳು ಹಾಕುತ್ತಾರೆ. ಹೆಗ್ಗಡದೇವನಕೋಟೆಯ ಕಾಡಿನ ಕಡೆಯವರು ಮೀನಿಗೆ ಹಾಕುವ ಜುಮ್ಮನ ಕಾಯಿಯ ಜಾತಿ. ಅದು ಉರಿಯುವುದಿಲ್ಲ, ಜೋಮು ಹಿಡಿಸುತ್ತದೆ. ಎರಡನೆಯ ತುತ್ತಿಗೆ ತುಟಿ ಇದೆಯೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ನೋಡಿಕೊಂಡೆ.

ನಮ್ಮ ಜೊತೆ ಬಂದ ಬೇಸಾಯ ಇಲಾಖೆಯ ಇನ್ಸ್‌ಪೆಕ್ಟರು ಪಿರಿಯಾಪಟ್ಟಣದ ಚನ್ನಬಸವಣ್ಣನವರು. ಇಂಗ್ಲಿಷು ಬಲ್ಲವರು, ಲಿಂಗ ಕಟ್ಟಿದವರು, ಊರಿನಿಂದ ತಂದ ಕಡಲೆಕಾಯಿ ಮತ್ತು ಬಿಳಿ ಅನ್ನದಲ್ಲೇ ದಿನ ನೂಕುತ್ತಿದ್ದಾರೆ. ಅವರು ನನ್ನನ್ನೇ ನೋಡುತ್ತಾ ಕೂತಿದ್ದರು.

“ಬೀರಯ್ಯನವರೇ, ಕಣ್ಣಲ್ಲಿ ನೀರು ಬರ್ತಾ ಇದೆಯಲ್ರೀ.”

“ಹೊಗೆ ಕಣ್ರೀ ಸ್ವಾಮಿ.”

“ಇದ್ದಿಲಿಗೆ ಹೊಗೆ ಎಲ್ಲಿಂದ ಬಂತ್ರೀ?”

“ನನ್ ಕಣ್ಣು ಸೌದೆ ಒಲೆಗೆ ಒಗ್ಗಿರೋದು ಕಣ್ರೀ. ಬೆಂಕಿ ಕಂಡ್ರೆ ಸಾಕು, ಅದ್ರ ಪಾಡಿಗೆ ಅದು ಸುರಿಸ್ತದೆ.”

ಪಕ್ಕದ ಮೇಜಿನ ದೋಣಿಯವರು ತಿನ್ನುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ನಾನು ನಿಲ್ಲಿಸಲಿಲ್ಲ. ಅಕ್ಕನಿಗೆ ಹೇಳು: ಮೂರು ವರ್ಷದ ಹಿಂದೆ ಅವಳ ಮನೆಯ ಪಂಕ್ತಿಯಲ್ಲಿ ಮೂವತ್ತನಾಲ್ಕು ಒಬ್ಬಟ್ಟು ತಿಂದು ಎದ್ದ ತಮ್ಮ ಈಗ ಚೀನಾದವರ ಬಾಯಲ್ಲೂ ಶಹಬಾಸ್ ಅನ್ನಿಸಿಕೊಂಡ. ಅವಳಿಗೆ ಇನ್ನೂ ಕೋಪವೇ ಎಂದು ಮೆಲ್ಲಗೆ ಕೇಳಿ ನೋಡು.

ನಿನ್ನ ಮಾವ,
ಸಣ್ಣಬೀರಯ್ಯ


ಚುಂಚನಕಟ್ಟೆ
14 ಅಕ್ಟೋಬರ್ 1956

ಪೂಜ್ಯ ಮಾವನವರಿಗೆ ಯಶೋದೆಯ ನಮಸ್ಕಾರಗಳು.

ಕಾಗದ ಬಂತು. ಗಟ್ಟಿಯಾಗಿಯೇ ಓದಿದೆ. ಅಪ್ಪ ನಕ್ಕು ನಕ್ಕು ಕೆಮ್ಮಿದರು. ಒಬ್ಬಟ್ಟಿನ ಮಾತು ಬರುವ ತನಕ ಅವ್ವ ಕೂತಿದ್ದಳು. ಅದು ಬಂದ ಕೂಡಲೇ ಎದ್ದು ಕೊಟ್ಟಿಗೆಗೆ ಹೋದಳು. ಅಲ್ಲಿ ಆಗ ಯಾವ ಕೆಲಸವೂ ಇರಲಿಲ್ಲ.

ಮಾವ, ನಾನು ನಿಮಗಿಂತ ಚಿಕ್ಕವಳು. ಆದರೂ ಬರೆಯುತ್ತೇನೆ. ನೀವು ಆ ದಿನದ ಲೆಕ್ಕವನ್ನು ಮೂವತ್ತನಾಲ್ಕಕ್ಕೆ ನಿಲ್ಲಿಸಿಬಿಡುತ್ತೀರಿ. ಅವತ್ತು ಸಾಲಿಗ್ರಾಮದವರು ನನ್ನನ್ನು ನೋಡಲು ಬಂದಿದ್ದರು. ನೀವು ನಮ್ಮೂರ ನಂಜಣ್ಣನ ಜೊತೆ ಪಂಥ ಕಟ್ಟಿದಿರಿ. ನೀವು ತಿಂದಿರಿ, ಅವನು ತಿಂದ, ಗಂಡಿನ ಕಡೆಯ ಗಂಡಸರನ್ನೂ ಕೆಣಕಿ ತಿನ್ನಿಸಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಗಂಡಿನ ತಾಯಿ, ಅತ್ತೆಯರು, ಚಿಕ್ಕಮ್ಮಂದಿರು ಎಲೆ ಮುಂದೆ ಕೂತಾಗ ಅವ್ವ ಅವರಿಗೆ ಬಡಿಸಿದ್ದು ತಂಗಳನ್ನ, ಮಜ್ಜಿಗೆ. ಒಬ್ಬಟ್ಟಿನ ತಟ್ಟೆಯಲ್ಲಿ ಎಣ್ಣೆ ಮಾತ್ರ ಇತ್ತು. “ಹೆಂಗಸರಿಗೆ ಅನ್ನ ಇಲ್ಲದ ಮನೆಯಿಂದ ಹೆಣ್ಣು ತರೋದು ಹೆಂಗೆ” ಎಂದು ಅವರು ಎದ್ದು ಹೋದರು. ಆ ಸಂಬಂಧ ತಪ್ಪಿದ್ದಕ್ಕೆ ನನಗೆ ದುಃಖವಿಲ್ಲ. ಅವ್ವನಿಗೆ ತಪ್ಪಿದ್ದು ಸಂಬಂಧ ಒಂದೇ ಅಲ್ಲ ಎಂದು ನನಗೆ ಅನ್ನಿಸುತ್ತದೆ.

ಈಗ ಹುಣಸೂರಿನ ಕಡೆಯಿಂದ ಒಂದು ಸಂಬಂಧ ಕೂಡಿಬಂದಿದೆ. ಅವರು ಶಾಲೆಯ ಮೇಷ್ಟರು. ಮಾಘದಲ್ಲಿ ಮದುವೆ. ಸೋದರಮಾವನ ಸ್ಥಾನದಲ್ಲಿ ನನ್ನನ್ನು ಹಸೆಗೆ ಎತ್ತಿಕೊಂಡು ಬರುವುದಕ್ಕೆ ಅವ್ವನ ದೊಡ್ಡಪ್ಪನ ಮಗನನ್ನು ಕರೆಯುವುದು ಎಂದು ಮಾತಾಡಿಕೊಂಡಿದ್ದಾರೆ. “ಸ್ವಂತ ತಮ್ಮ ಇರುವಾಗ?” ಎಂದು ಅಪ್ಪ ಕೇಳಿದ್ದಕ್ಕೆ ಅವ್ವ, “ಯಾರ ತಮ್ಮ?” ಎಂದಳು.

ಅವರೂ ಒಳ್ಳೆಯವರೇ. ಆದರೆ ನನ್ನನ್ನು ಎತ್ತಿ ಬೆಳೆಸಿದವರು ನೀವು. ಏನಾದರೂ ಮಾಡಿ, ಮಾವ. ಜಂಬ ಮಾತ್ರ ಬರೆಯಬೇಡಿ.

ಇತಿ ನಿಮ್ಮ,
ಯಶೋದೆ


ಚೆಂಗ್ಟು ಪಕ್ಕದ ಹಳ್ಳಿ
6 ನವೆಂಬರ್ 1956

ಯಶೋದೆಗೆ,

ಮೇಷ್ಟರು ಸಿಕ್ಕಿದ್ದು ಕೇಳಿ ಸಂತೋಷವಾಯಿತು. ಮೇಷ್ಟರಿಗೆ ಶಾಲೆಯಲ್ಲಿ ಬೆತ್ತ ಇದ್ದರೂ ಮನೆಯಲ್ಲಿ ಬಾಯಿರುವುದಿಲ್ಲ, ನಿನಗೆ ಅನುಕೂಲ. ಆ ದೊಡ್ಡಪ್ಪನ ಮಗ ನಿನ್ನನ್ನು ಎತ್ತುವ ಮಾತು ಬಿಡು, ತನ್ನ ಪಂಚೆಯನ್ನೇ ಎತ್ತಿ ಕಟ್ಟಲು ಎರಡು ಸಲ ಉಸಿರು ಬಿಡುತ್ತಾನೆ. ಎತ್ತುವವನು ನಾನೇ. ಇದು ಜಂಬವಲ್ಲ.

ನಾವೀಗ ಹಳ್ಳಿಯಲ್ಲಿದ್ದೇವೆ. ಎರಡು ಸಾವಿರ ವರ್ಷದ ಹಿಂದೆ ಕಟ್ಟಿದ ಒಡ್ಡಿನ ನೀರು ಈ ಸೀಮೆಗೆಲ್ಲ ಹರಿಯುತ್ತದೆಯಂತೆ. ಚುಂಚನಕಟ್ಟೆಯ ಕಟ್ಟೆ ನೋಡಿ ಬೆಳೆದವನಿಗೆ ಕಟ್ಟೆ ತೋರಿಸುತ್ತಾರೆ ಎಂದುಕೊಂಡೇ ಹೋದೆ. ನೋಡಿದ ಮೇಲೆ ತಲೆಯ ಮೇಲಿನ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡೆ. ಮನೆ ಮನೆಯ ಅಂಗಳದಲ್ಲಿ ದೊಡ್ಡ ದೊಡ್ಡ ಮಡಕೆಗಳಿವೆ. ಅವರೆಯಂಥ ಕಾಳನ್ನು ಮೆಣಸಿನಕಾಯಿ, ಉಪ್ಪಿನ ಜೊತೆ ಅದರಲ್ಲಿ ಕೊಳೆಹಾಕಿ, ಬಿಸಿಲಲ್ಲಿ ದಿನಾ ತಿರುವುತ್ತಾರೆ. ಆ ಬೀದಿಯಲ್ಲಿ ನಡೆದರೆ ಸಾಕು, ಹಸಿವಾಗುತ್ತದೆ.

ಮೊನ್ನೆ ಸಹಕಾರ ಸಂಘದವರು ನಮಗೆ ಔತಣ ಮಾಡಿದರು. ಅಡುಗೆಯ ಮುಖ್ಯಸ್ಥೆ ಚೆನ್ ಎಂಬ ಹೆಂಗಸು, ಅಕ್ಕನ ವಯಸ್ಸು, ಅಕ್ಕನಷ್ಟೇ ಎತ್ತರ. ನಾನು ಚೆನ್ ಅಕ್ಕ ಎಂದೇ ಕರೆಯುತ್ತೇನೆ. ಅವಳು ಏನೋ ಒಂದು ಅನ್ನುತ್ತಾಳೆ. ಲಿಯು ಎಂಬ ಹುಡುಗಿ ಅದನ್ನು ಇಂಗ್ಲಿಷಿಗೆ ಮಾಡುತ್ತಾಳೆ, ಇನ್ಸ್‌ಪೆಕ್ಟರು ಕನ್ನಡಕ್ಕೆ ಮಾಡುತ್ತಾರೆ. ನನ್ನ ಹತ್ತಿರ ಬರುವ ಹೊತ್ತಿಗೆ ಮಾತು ತಣ್ಣಗಾಗಿರುತ್ತದೆ. ಊಟ ಮಾತ್ರ ಬಿಸಿ.

ಸೋಯಾ ಕಾಳಿನ ಹಾಲನ್ನು ಒಡೆದು ಗಿಣ್ಣಿನ ಹಾಗೆ ಮಾಡಿ ಕೆಂಪೆಣ್ಣೆಯಲ್ಲಿ ತೇಲಿಸಿದ್ದು ಒಂದು. ಮಡಕೆಯ ಕಾಳಿನ ಖಾರದಲ್ಲಿ ಇಡೀ ಮೀನು ಒಂದು. ಕೋಳಿ ಒಂದು. ಆ ಕೋಳಿಯ ತುಂಡನ್ನು ಒಣಮೆಣಸಿನಕಾಯಿಯ ರಾಶಿಯೊಳಗೆ ಹುಡುಕಬೇಕು, ಕಣದ ಹೊಟ್ಟಿನಲ್ಲಿ ಬಿದ್ದ ಮೂಗುಬೊಟ್ಟು ಹುಡುಕಿದ ಹಾಗೆ. ನಾನು ಹುಡುಕುವುದಕ್ಕೆ ಹೋಗಲಿಲ್ಲ. ರಾಶಿಯನ್ನೇ ತಿಂದೆ. ಅವರೆಲ್ಲ ಎರಡು ಕಡ್ಡಿಯಲ್ಲಿ ಕೊಕ್ಕರೆಯ ಹಾಗೆ ಕುಕ್ಕುತ್ತಿದ್ದರು. ನಾನು ಕೈಯಲ್ಲೇ ಕಲಸಿ ಹೊಡೆದೆ. ಬಡಿಸಿದವರಿಗೆ ಅವಮಾನವಾಗಬಾರದೆಂದು ಬಟ್ಟಲಲ್ಲಿ ಒಂದಗುಳೂ ಬಿಡದೆ ಬಳಿದೆ. ಬಳಿದ ಕೂಡಲೇ ಮತ್ತೆ ಬಡಿಸಿದರು. ಮತ್ತೆ ಬಳಿದೆ. ಮತ್ತೆ ಬಡಿಸಿದರು. ಹನ್ನೊಂದು ಬಟ್ಟಲು ಅನ್ನ, ಮೂರು ಮೀನು, ಮೆಣಸಿನಕಾಯಿ ನಾನು ಎಣಿಸಿದ ಮಟ್ಟಿಗೆ ಅರವತ್ತೆರಡು! ಸಂಘದ ಅಧ್ಯಕ್ಷ ಎದ್ದು ನಿಂತು ಚಪ್ಪಾಳೆ ತಟ್ಟಿದ. ಕಿವಿಯಿಂದ ಹೊಗೆ ಬರುತ್ತಿದ್ದರೂ ನಾನು ಕೂತಲ್ಲಿಂದ ಅಲ್ಲಾಡಲಿಲ್ಲ. ಮಾರನೆಯ ಬೆಳಗಿನ ವಿಷಯ ಕಾಗದದಲ್ಲಿ ಬರೆಯುವಂಥದ್ದಲ್ಲ.

ಊಟವಾದ ಮೇಲೆ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಕೊಟ್ಟರು, ಕೈ ಒರೆಸಿಕೊಳ್ಳಲು. ನಮ್ಮಂಥವರಿಗೆ ಒರೆಸಿಕೊಂಡರೆ ಸಾಕೇ? ನೀರು ಹಾಕಿ ತೊಳೆಯಬೇಡವೇ? ಕೈ ತೊಳೆಯಲು ಹಿತ್ತಲಿಗೆ ಹೋದೆ.

ಇಲ್ಲಿ ಪೈರನ್ನು ಸಾಲು ಹಿಡಿದು ನೆಡುತ್ತಾರೆ. ಗೊಬ್ಬರ ಚೆನ್ನಾಗಿ ಕೊಡುತ್ತಾರೆ. ಹವೆ ತಂಪು. ಭಾವ ನಿಂಗಯ್ಯನವರಿಗೆ ನನ್ನ ನಮಸ್ಕಾರ ತಿಳಿಸು.

ಸಣ್ಣಬೀರಯ್ಯ


ಚುಂಚನಕಟ್ಟೆ
27 ನವೆಂಬರ್ 1956

ಪೂಜ್ಯ ಮಾವನವರಿಗೆ,

ಜಂಬ ಬರೆಯಬೇಡಿ ಎಂದಿದ್ದೆ. ಎರಡು ಹಾಳೆ ತುಂಬ ಅದನ್ನೇ ಬರೆದಿದ್ದೀರಿ. ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡೇ ಓದುತ್ತಿದ್ದೆ. ಆದರೆ ಒಂದು ಸಂಗತಿ ನಡೆಯಿತು, ಅದನ್ನು ಹೇಳಬೇಕು.

ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅರವತ್ತೆರಡು ಮೆಣಸಿನಕಾಯಿಗೂ ತಲೆ ಎತ್ತಲಿಲ್ಲ. ನಾನು ಪೈರು, ಗೊಬ್ಬರ ಎಂದು ಓದಿಕೊಂಡು ಹೋಗುತ್ತಿದ್ದಾಗ ಅವಳ ಕೈ ನಿಂತಿತು.

“ಇಂದ್ಲ ಸಾಲು ಇನ್ನೊಂದ್ ಸಲ ಓದು.”

“ಗೊಬ್ಬರದ್ದಾ?”

“ಅಲ್ಲ. ಕೈ ತೊಳಿಯಾಕೆ ಹೋದ್ನಲ್ಲ, ಅದು.”

ಓದಿದೆ.

“ಇತ್ತಲಲ್ಲಿ ಏನ್ ಕಂಡ ಅಂತ ಬರ್ದಿಲ್ವಾ?”

“ಇಲ್ಲ ಕಣವ್ವ. ಅಲ್ಲಿಗೇ ಬಿಟ್ಟವ್ರೆ.”

“ಬಿಡೋನಲ್ಲ ಅವ್ನು. ನೊಣ ಹೊಡೆದ್ರೂ ಊರಿಗೆಲ್ಲ ಹೇಳೋನು. ಏನೋ ಕಂಡವ್ನೆ. ಬರಿಯಾಕೆ ಹೇಳು.”

ಅಷ್ಟು ಹೇಳಿ ಮತ್ತೆ ಅಕ್ಕಿ ಆರಿಸತೊಡಗಿದಳು. ಮಾವ, ಮೂರು ವರ್ಷದಲ್ಲಿ ಅವಳು ನಿಮ್ಮ ವಿಷಯವಾಗಿ ಏನನ್ನಾದರೂ ಕೇಳಿದ್ದು ಇದೇ ಮೊದಲು. ಅಪ್ಪ ನನ್ನ ಮುಖ ನೋಡಿದರು, ನಾನು ಅಪ್ಪನ ಮುಖ ನೋಡಿದೆ.

ಮದುವೆ ಫೆಬ್ರವರಿ ಹದಿನೈದಕ್ಕೆ ಗೊತ್ತಾಗಿದೆ. ದೊಡ್ಡಪ್ಪನ ಮಗನಿಗೆ ಇನ್ನೂ ವೀಳ್ಯ ಕೊಟ್ಟಿಲ್ಲ. ಸಂಕ್ರಾಂತಿ ಕಳೆದ ಮೇಲೆ ಕೊಡುತ್ತಾರಂತೆ. ಹಿತ್ತಲಲ್ಲಿ ಏನು ಕಂಡಿರಿ?

ಯಶೋದೆ


ಚೆಂಗ್ಟು ಪಕ್ಕದ ಹಳ್ಳಿ
17 ಡಿಸೆಂಬರ್ 1956

ಯಶೋದೆಗೆ,

ಇದನ್ನೂ ಗಟ್ಟಿಯಾಗಿ ಓದು. ನಡುವೆ ನಿಲ್ಲಿಸಬೇಡ.

ಹಿತ್ತಲಲ್ಲಿ ತೊಟ್ಟಿ ಎಲ್ಲಿದೆ ಎಂದು ಹುಡುಕಿಕೊಂಡು, ಅಡುಗೆ ಕೋಣೆಯ ಮೂಲೆ ತಿರುಗಿದೆ. ಅಲ್ಲಿ ಚೆನ್ ಅಕ್ಕನೂ ಅವಳ ಜೊತೆಯ ಐದು ಹೆಂಗಸರೂ ಗಿಡ್ಡ ಮಣೆಯ ಮೇಲೆ ಕೂತಿದ್ದರು. ಮೀನು ಮಾಡಿದ ಖಾಲಿ ಬಾಣಲೆಗೆ ಬಿಸಿನೀರು ಹುಯ್ದು, ಅಂಚಿಗೆ ಅಂಟಿದ ಖಾರವನ್ನು ಕೆರೆದು, ಆ ನೀರನ್ನು ತಣ್ಣಗಿನ ಅನ್ನಕ್ಕೆ ಹಾಕಿಕೊಂಡು ಉಣ್ಣುತ್ತಿದ್ದರು. ನನ್ನನ್ನು ಕಂಡ ಕೂಡಲೇ ಚೆನ್ ಅಕ್ಕ ಎದ್ದು, ಬಾಯಿ ಒರೆಸಿಕೊಂಡು, ಬಟ್ಟಲನ್ನು ಬೆನ್ನ ಹಿಂದೆ ಮಾಡಿಕೊಂಡು ನಕ್ಕಳು. ಇನ್ನೂ ಬೇಕೇ ಎನ್ನುವ ಹಾಗೆ ಕೈ ಮಾಡಿದಳು.

ಅಕ್ಕನಿಗೆ ಇಷ್ಟು ಸಾಕು, ಅವಳಿಗೆ ಗೊತ್ತಾಗುತ್ತದೆ. ನಿನಗೆ ಗೊತ್ತಿಲ್ಲದ್ದನ್ನು ನಾನು ಹೇಳಬೇಕು. ಸಾಲಿಗ್ರಾಮದವರು ಎದ್ದು ಹೋದ ದಿನವೂ ನಾನು ಕೈ ತೊಳೆಯಲು ನಿಮ್ಮ ಹಿತ್ತಲಿಗೆ ಹೋಗಿದ್ದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅಕ್ಕ ಕೂತಿದ್ದಳು. ಒಬ್ಬಟ್ಟು ಬೇಯಿಸಿದ ಹೆಂಚಿಗೆ ಅಂಟಿದ್ದ ಚೂರನ್ನು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕೋಳಿ ಕೂಗುವ ಮೊದಲೇ ಎದ್ದು ರುಬ್ಬಿದವಳು, ಅಷ್ಟು ಹೊತ್ತಿನ ತನಕ ಒಂದು ಗುಟುಕು ನೀರೂ ಕುಡಿದಿರಲಿಲ್ಲ. ನನ್ನನ್ನು ಕಂಡು ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ನಾನು ಏನೆಂದೆ ಗೊತ್ತೇ? “ಅಕ್ಕಾ, ಮೂವತ್ನಾಕು ಕಣಕ್ಕಾ!” ಎಂದೆ. ನನ್ನನ್ನು ಹೊಗಳಲಿ ಎಂದು ನಿಂತುಕೊಂಡೆ. ಅವಳು ಎದ್ದು ಒಳಗೆ ಹೋದಳು. ಅವತ್ತಿಗೆ ನಿಂತ ಮಾತು.

ಮೂರು ವರ್ಷ ನಾನು ಅವಳ ಕೋಪ ಸಂಬಂಧ ಮುರಿದದ್ದಕ್ಕೆ ಎಂದು ತಿಳಿದಿದ್ದೆ. ಎರಡು ಸಾವಿರ ಮೈಲಿ ದಾಟಿ, ಹೊಟ್ಟೆ ಉರಿಸಿಕೊಂಡು, ಬೇರೆಯವರ ಹಿತ್ತಲಲ್ಲಿ ನಿಂತ ಮೇಲೆ ಬುದ್ಧಿಗೆ ಹತ್ತಿತು. ಸಣ್ಣಬೀರಯ್ಯನ ತಲೆ ಗಟ್ಟಿ ಎನ್ನುವುದನ್ನು ನೀನೂ ಒಪ್ಪುತ್ತೀಯ.

ನಿನಗೆ ಆ ಕಾಗದ ಹಾಕಿದ ಮಾರನೆಯ ದಿನ ಲಿಯು ಹುಡುಗಿಯ ಹತ್ತಿರ ಹೇಳಿ ಕಳಿಸಿದೆ, ನಾಳೆ ಅಡುಗೆ ಮನೆಯವರೆಲ್ಲ ಕೂರಬೇಕು, ನಾನು ಮಾಡಿ ಬಡಿಸುತ್ತೇನೆ ಎಂದು. ಅತಿಥಿ ಒಲೆ ಮುಟ್ಟುವ ಹಾಗಿಲ್ಲ ಎಂದು ಚೆನ್ ಅಕ್ಕ ತಲೆ ಆಡಿಸಿದಳು. ಆಗ ಒಂದು ಸುಳ್ಳು ಹೇಳಬೇಕಾಯಿತು. ನಮ್ಮ ಸೀಮೆಯಲ್ಲಿ ಅಕ್ಕಿ ರೊಟ್ಟಿಗೆ ನನ್ನಷ್ಟು ಹೆಸರಾದವನು ಇನ್ನೊಬ್ಬನಿಲ್ಲ ಎಂದೆ. ಇನ್ಸ್‌ಪೆಕ್ಟರು ಅದನ್ನು ಇಂಗ್ಲಿಷಿಗೆ ಮಾಡುವ ಮೊದಲು ನನ್ನ ಕಡೆ ತಿರುಗಿದರು.

“ಬೀರಯ್ಯನವರೇ, ಒಲೆ ಹೊತ್ತಿಸೋಕಾದ್ರೂ ಬರುತ್ತೇನ್ರೀ ನಿಮಗೆ?”

“ನೀವು ಇಂಗ್ಲಿಷ್ ಮಾಡಿ ಸ್ವಾಮಿ. ಮಿಕ್ಕಿದ್ದು ನಂಗ್ ಬುಡಿ.”

ನನ್ನ ರೊಟ್ಟಿ ಒಂದೂ ದುಂಡಗಾಗಲಿಲ್ಲ. ಒಂದು ಬಾಣಲೆಯನ್ನು ಬಿಟ್ಟು ಬರಲೇ ಇಲ್ಲ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಕೊನೆಗೆ ಚೆನ್ ಅಕ್ಕ ನನ್ನ ಕೈಯಿಂದ ಸೌಟು ಕಿತ್ತುಕೊಂಡು, ಮಡಕೆಯ ಖಾರದಲ್ಲಿ ಮೀನನ್ನೂ ಕೋಳಿಯನ್ನೂ ತಾನೇ ಮಾಡಿದಳು. ಬಡಿಸುವುದನ್ನು ಮಾತ್ರ ನಾನು ಬಿಡಲಿಲ್ಲ. ಆರು ಜನರನ್ನೂ ಸಾಲಾಗಿ ಕೂರಿಸಿ ನಮ್ಮ ಪಂಕ್ತಿಯ ಹಾಗೆ ಬಗ್ಗಿ ಬಡಿಸಿದೆ.

ಆಗ ಇನ್ನೊಂದು ಕಂಡೆ. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಚೆನ್ ಅಕ್ಕ ಕೋಳಿಯ ತುಂಡನ್ನು ಎತ್ತಿಕೊಂಡು, ಮೆಣಸಿನಕಾಯಿಗಳನ್ನೆಲ್ಲ ಕಡ್ಡಿಯಿಂದ ಪಕ್ಕಕ್ಕೆ ಸರಿಸಿದಳು. ಎಲ್ಲರೂ ಹಾಗೆಯೇ ಸರಿಸಿದರು. ಕೇಳಿದರೆ ಲಿಯು ನಗು ತಡೆಯಲಾರದೆ ಹೇಳಿದಳು, ಅದು ವಾಸನೆಗೆ ಹಾಕುವುದು, ಯಾರೂ ತಿನ್ನುವುದಿಲ್ಲವಂತೆ. ನಾನು ಅರವತ್ತೆರಡು ತಿಂದದ್ದು ಸಾರಿನೊಳಗಿನ ಕರಿಬೇವಿನ ಕಡ್ಡಿಯನ್ನೆಲ್ಲ ಅಗಿದು ನುಂಗಿದ ಹಾಗಾಯಿತು. ಅಷ್ಟೇ ಅಲ್ಲ. ಬಟ್ಟಲನ್ನು ಬಳಿದಿಟ್ಟರೆ ಇವರಲ್ಲಿ ಇನ್ನೂ ಹಸಿವಿದೆ ಎಂದು ಅರ್ಥವಂತೆ. ಸಾಕಾದವರು ಸ್ವಲ್ಪ ಬಿಡುತ್ತಾರೆ. ನಾನು ಬಳಿದೆ, ಅವರು ಬಡಿಸಿದರು, ತಮ್ಮ ಪಾಲನ್ನೂ ತಂದು ಬಡಿಸಿದರು. ಅತಿಥಿಯ ಹೊಟ್ಟೆ ತುಂಬಿಸಲಾಗಲಿಲ್ಲ ಎಂದು ಚೆನ್ ಅಕ್ಕ ಅವತ್ತು ಮನೆಗೆ ಹೋಗಿ ಅತ್ತಳಂತೆ.

“ಇದೆಲ್ಲ ನಿಮಗ್ ಮೊದ್ಲೇ ಗೊತ್ತಿತ್ತಾ ಸ್ವಾಮಿ?” ಎಂದು ಇನ್ಸ್‌ಪೆಕ್ಟರನ್ನು ಕೇಳಿದೆ.

“ಮೆಣಸಿನಕಾಯಿ ವಿಷಯ ಗೊತ್ತಿತ್ತು ಕಣ್ರೀ. ನೀವು ಅಷ್ಟು ಸಂತೋಷವಾಗಿದ್ರಿ, ನಾನ್ಯಾಕೆ ಅಡ್ಡ ಬರಲಿ ಅಂತ ಸುಮ್ಮನಿದ್ದೆ.”

ಅವತ್ತಿನಿಂದ ಪ್ರತಿ ದಿನ ಅವಳ ಒಲೆಯ ಹತ್ತಿರ ಕೂತು ಮೀನಿನ ಕೆಲಸ ಕಲಿಯುತ್ತಿದ್ದೇನೆ. ಈಗ ನನ್ನಷ್ಟು ಚೆನ್ನಾಗಿ ಮಾಡುವವರು ಈ ಹಳ್ಳಿಯಲ್ಲಿ ಚೆನ್ ಅಕ್ಕ ಒಬ್ಬಳೇ. ಇದು ನಿಜ, ಜಂಬವೆಂದು ತಿಳಿಯಬೇಡ.

ಜನವರಿ ಮೂರನೆಯ ವಾರ ಮಿರ್ಲೆಯಲ್ಲಿರುತ್ತೇನೆ. ಅಕ್ಕ ಬಾ ಎಂದರೆ ಬರುತ್ತೇನೆ. ಬೇಡವೆಂದರೆ ಬರುವುದಿಲ್ಲ, ಯಾರ ಕೈಲೂ ಹೇಳಿಸುವುದಿಲ್ಲ.

ಸಣ್ಣಬೀರ


ಚುಂಚನಕಟ್ಟೆ
16 ಜನವರಿ 1957

ಮಾವನವರಿಗೆ,

ಈ ಕಾಗದ ನಿಮಗಿಂತ ಮೊದಲೇ ಮಿರ್ಲೆ ಸೇರುತ್ತದೆ ಎಂದುಕೊಂಡಿದ್ದೇನೆ. ನಿಮ್ಮ ಕಾಗದವನ್ನು ನಿಲ್ಲಿಸದೆ ಓದಿದೆ. ಅಪ್ಪ ಮೆಣಸಿನಕಾಯಿಯ ಮಾತಿಗೆ ನಗಲು ಹೋಗಿ ಅವ್ವನ ಮುಖ ನೋಡಿ ಸುಮ್ಮನಾದರು. ಅವ್ವ ಎದ್ದು ಹೋಗಲಿಲ್ಲ. ನಿನ್ನೆ ರಾಗಿ ಬೀಸುವಾಗ, ಬರೆದುಕೋ ಎಂದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಬರಾಕೆ ಹೇಳು. ಅಸೆಗೆ ಅವ್ನೇ ಎತ್ಕೊಂಡ್ ಬರ್ಲಿ. ಬ್ಯಾರೆಯೋರ ಕೈಲಿ ಯಾಕೆ? ಆದ್ರೆ ನಾನ್ ಮಾತಾಡಾಕಿಲ್ಲ. ಅದ್ನೂ ಬರಿ.”

“ಆಯ್ತು. ಇನ್ನೇನ್ ಬರೀಲವ್ವ?”

“ಇನ್ನೇನಿಲ್ಲ.” ಬೀಸುವ ಕಲ್ಲು ನಾಲ್ಕು ಸುತ್ತು ತಿರುಗಿತು. “ಆ ಚೀನಾ ಹೆಂಗ್ಸಿಗೆ ಮಕ್ಕಳೆಷ್ಟಂತೆ, ಕೇಳು.”

ಯಶೋದೆ


ಮಿರ್ಲೆ
4 ಮಾರ್ಚ್ 1957

ಚಿ. ಸೌ. ಯಶೋದೆಗೆ,

ಹುಣಸೂರಿನ ನೀರು ಒಗ್ಗಿತೇ? ಮೇಷ್ಟರು ಸುಖವೇ? ಹಸೆಗೆ ಎತ್ತಿಕೊಂಡಾಗ ನೀನು ನನ್ನ ಕಿವಿಯಲ್ಲಿ, “ಅವ್ವ ಮಾತಾಡಿದ್ಲಾ?” ಎಂದು ಕೇಳಿದೆ. ಇಲ್ಲ ಎಂದೆ. ನಿನ್ನ ಭಾರಕ್ಕಿಂತ ಆ ಮಾತೇ ಭಾರವಾಗಿತ್ತು. ಮದುವೆಯ ಎರಡು ದಿನವೂ ಅವಳು ನನಗೆ ಏನು ಹೇಳಬೇಕಾದರೂ ಗೋಡೆಗೋ ಭಾವನಿಗೋ ಹೇಳುತ್ತಿದ್ದಳು. “ಹೂವಿನ ಬುಟ್ಟಿ ಅಲ್ಲೈತೆ ಅಂತ ಹೇಳಿ.” ಭಾವ ನನ್ನ ಪಕ್ಕದಲ್ಲೇ ನಿಂತು, “ಅಲ್ಲೈತಂತೆ ಕಣಪ್ಪ” ಎನ್ನುತ್ತಿದ್ದರು. ಚೀನಾದಲ್ಲೂ ನನಗೆ ಒಂದು ಮಾತಿಗೆ ಇಬ್ಬರು ನಡುವೆ ನಿಂತಿದ್ದರು. ಇಲ್ಲಿ ಒಬ್ಬರೇ, ಅಷ್ಟು ಅನುಕೂಲ. ಚೆನ್ ಅಕ್ಕನಿಗೆ ಇಬ್ಬರು ಹೆಣ್ಣು ಒಬ್ಬ ಗಂಡು ಎನ್ನುವುದನ್ನೂ ಭಾವನ ಮೂಲಕವೇ ತಿಳಿಸಿದೆ.

ಬೀಗರೂಟದ ದಿನ ನೀನು ಹುಣಸೂರಿನವರ ಜೊತೆ ಮುಂದಿನ ಚಪ್ಪರದಲ್ಲಿದ್ದೆ, ಆಮೇಲೆ ಹಾಗೆಯೇ ಬಸ್ಸು ಹತ್ತಿದೆ. ಹಿತ್ತಲಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಂಜಣ್ಣ ಎಲೆ ಮುಂದೆ ಕೂತು, “ಬಾರ್ಲಾ ಸಣ್ಣ, ಇವತ್ತು ಮುದ್ದೇಲಿ ನೋಡ್ಕಳಾವ” ಎಂದು ತೊಡೆ ತಟ್ಟಿದ. “ನೀನೇ ಗೆದ್ದಂಗಾಯ್ತು, ಉಣ್ಣು” ಎಂದು ಎರಡು ಮುದ್ದೆ ಇಟ್ಟು ಬಂದೆ. ಅವನಿಗೆ ನನ್ನ ಆರೋಗ್ಯದ ಮೇಲೆ ಅನುಮಾನ ಬಂತು. ಬೀಗರೆಲ್ಲ ಎದ್ದರು, ನಮ್ಮ ಗಂಡಸರೆಲ್ಲ ಎದ್ದರು. ಬೆಳಗಿನಿಂದ ಒಲೆ ಮುಂದೆ ಇದ್ದ ಒಂಬತ್ತು ಹೆಂಗಸರು ತಪ್ಪಲೆಯ ತಳ ನೋಡಲು ಹೊರಟರು. ಆಗ ನಾನು ಅಡ್ಡ ನಿಂತೆ.

ಬೆಳಿಗ್ಗೆಯೇ ಕಟ್ಟೆಯ ಕೆಳಗಿನ ಮಡುವಿನಿಂದ ಎರಡು ದೊಡ್ಡ ಮೀನು ತರಿಸಿ, ದನದ ಕೊಟ್ಟಿಗೆಯ ಹಿಂದೆ ಮೂರು ಕಲ್ಲು ಹೂಡಿ, ಯಾರಿಗೂ ಹೇಳದೆ ಸಾರು ಮಾಡಿಟ್ಟಿದ್ದೆ. ಅಲ್ಲಿನ ಜುಮ್ಮನ ಕಾಳು ಒಂದು ಪೊಟ್ಟಣ ತಂದಿದ್ದೆ. ಮಡಕೆಯ ಖಾರ ತರಲು ಆಗಿರಲಿಲ್ಲ. ನಮ್ಮ ಮೆಣಸಿನಕಾಯಿಯನ್ನೇ ಅರೆದು ಹುರಿದೆ. ಅನ್ನ ಬೇರೆ ಹೊಸದಾಗಿ ಬಸಿದಿಟ್ಟಿದ್ದೆ, ಬಿಸಿಬಿಸಿ. ಹಿತ್ತಲಲ್ಲೇ ಚಾಪೆ ಹಾಸಿ ಒಂಬತ್ತು ಎಲೆ ಹಾಕಿದೆ. ಎಂಟು ಜನ ನಗಾಡುತ್ತಾ ಕೂತರು. ಅಕ್ಕ ಕಂಬ ಹಿಡಿದುಕೊಂಡು ನಿಂತಳು.

ಪಕ್ಕದ ಮನೆಯ ಸುನಂದಮ್ಮ, “ಕುಂತ್ಕೊಳ್ಳೇ ಚಿಕ್ಕಬೀರಿ, ಗಂಡಸು ಬಡಿಸ್ತಾವ್ನೆ ಅಂದ್ರೆ ನಾಳೆ ಮನಸ್ಸು ಬದ್ಲಾಯ್ಸಬೋದು” ಎಂದು ಅಕ್ಕನ ಸೆರಗು ಹಿಡಿದು ಎಳೆದಳು.

ಕೂತಳು. ಬಡಿಸಿದೆ. ಅವಳ ಎಲೆಯ ಹತ್ತಿರ ಬಂದಾಗ ಸಾರನ್ನು ಎಲೆಯಾಚೆ ಚಾಪೆಗೂ ಚೆಲ್ಲಿದೆ. ಸೌಟು ಭಾರವಾಗಿತ್ತು ಎಂದು ಬರೆಯಬಹುದಿತ್ತು, ಬರೆಯುವುದಿಲ್ಲ. ಮೊದಲ ತುತ್ತಿಗೆ ಎಂಟು ಜನವೂ ತುಟಿ ಮುಟ್ಟಿಕೊಂಡು ಕಿರುಚಿದರು. “ಅಯ್ಯೋ, ಜೋಮು ಹಿಡೀತು! ಏನ್ ಹಾಕಿದ್ದೀಯೋ ಇದ್ಕೆ, ಪಾಪಿ!” ಎಂದರು. ನಾನು ಚೀನಾದ ಮರ್ಯಾದೆ ಕಾಪಾಡುವವನ ಹಾಗೆ ಎದೆ ಉಬ್ಬಿಸಿ ನಿಂತೆ. ಅಕ್ಕ ಕಿರುಚಲಿಲ್ಲ. ಒಂದು ತುತ್ತು ಉಂಡಳು. ಮೀನಿನ ಮುಳ್ಳು ತೆಗೆದು ಇನ್ನೊಂದು ತುತ್ತು ಉಂಡಳು. ಬಾಯಲ್ಲಿ ಆಡಿಸಿ ನೋಡಿದಳು. ಆಮೇಲೆ ತಲೆ ಎತ್ತಿ, ಗೋಡೆಯನ್ನಲ್ಲ, ಭಾವನನ್ನಲ್ಲ, ನನ್ನನ್ನು ನೋಡಿದಳು.

“ಉಪ್ಪು ಕಮ್ಮಿ ಕಣ್ಲಾ.”

ನಿಜ. ಅಲ್ಲಿನ ಖಾರದಲ್ಲೇ ಉಪ್ಪಿರುತ್ತದೆ. ಬೇರೆ ಹಾಕಿ ಅಭ್ಯಾಸವಿರಲಿಲ್ಲ. ಎಂಟು ಜನರ ಎದುರಿಗೆ, ಎರಡು ದೇಶದ ಅಡುಗೆ ಬಲ್ಲವನಿಗೆ ಅಂದಳು. ನನಗೆ ಇನ್ನೂರು ಜನ ಚಪ್ಪಾಳೆ ತಟ್ಟಿದ ಹಾಗಾಯಿತು.

ಉಪ್ಪು ತರಲು ಒಳಗೆ ಓಡಿದೆ. ಒಲೆಯ ಮುಂದೆ ನಿಂತು ಸುತ್ತ ನೋಡಿದೆ. ಇಪ್ಪತ್ತೈದು ವರ್ಷ ಆ ಮನೆಯಲ್ಲಿ ಉಂಡಿದ್ದೇನೆ, ಉಪ್ಪಿನ ಗಡಿಗೆ ಎಲ್ಲಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಯಶೋದೆ. ಅಲ್ಲಿಂದಲೇ ಕೂಗಿದೆ.

“ಅಕ್ಕಾ, ಉಪ್ಪೆಲ್ಲಿಕ್ಕಿದ್ದೀಯೇ?”

ಅವಳು ಎಲೆ ಬಿಟ್ಟು ಏಳಲಿಲ್ಲ. ಕೂತಲ್ಲಿಂದಲೇ, ಬಾಯಿ ತುಂಬ ಅನ್ನ ಇಟ್ಟುಕೊಂಡು ಹೇಳಿದಳು.

“ಗೂಡಲ್ಲೈತೆ ನೋಡು, ಎಡಗಡೆ. ಬ್ಯಾಗ ತತ್ತಾ, ಆರೋಯ್ತದೆ.”

ನಿನ್ನ ಮಾವ,
ಸಣ್ಣಬೀರಯ್ಯ